ಎರಡು ತಂತಿ ಅದಲುಬದಲು

ಐದೂವರೆಗೆ ಚಿಲ್ಲರ್ ಪ್ಲಾಂಟಿನ ಗೇಟಲ್ಲಿ ಕಾರ್ಡು ಒತ್ತಿ
ಬೂಟಿನೊಳಗಿನ ಬೆವರು ಸಮೇತ ಓಡಿದರೆ
ಆರಕ್ಕೆ ಎರಡು ನಿಮಿಷವಿರುವಾಗ
ಸೊಹಾರಿನ ವಿಶ್ವವಿದ್ಯಾಲಯ, ಎರಡನೇ ಮಹಡಿ,
ಕೋಣೆ ಇನ್ನೂರ ಹದಿನಾಲ್ಕು.
ಎಸಿ ಅಲ್ಲಿ ಯಾವಾಗಲೂ ಹದಿನೆಂಟರಲ್ಲಿ.
ಒದ್ದೆ ಅಂಗಿ ಬೆನ್ನಿಗೆ ತಣ್ಣಗೆ ಅಂಟಿದ ಹೊತ್ತಿಗೆ
ನಾನು ವಿದ್ಯಾರ್ಥಿ.

ಹಾಜರಿ ಕರೆಯುತ್ತಾರೆ ಡಾಕ್ಟರ್ ಬುಥೈನಾ,
ನನಗಿಂತ ಒಂಬತ್ತು ವರ್ಷ ಚಿಕ್ಕವರು.
ಲಿಗೋರಿ ಅವರ ಬಾಯಲ್ಲಿ ಲೀಘೂರಿ.
ನಾನು ಎದ್ದು ನಿಲ್ಲುತ್ತೇನೆ,
ಕಿನ್ನಿಗೋಳಿ ಶಾಲೆಯ ಅಭ್ಯಾಸ ಮೊಣಕಾಲಿಂದ ಹೋಗಿಲ್ಲ.
ಉಳಿದವರು ಕೂತಲ್ಲಿಂದಲೇ ಕೈಯೆತ್ತುತ್ತಾರೆ:
ಅಗ್ನಿಶಾಮಕ ದಳದ ಹಿಲಾಲ್,
ಬಂದರಿನ ಕ್ರೇನಿಂದ ಇಳಿದು ಬಂದ ರೊಡೆಲ್,
ಮತ್ತೆ ಶೈಖಾ, ಮೀಟರು ಓದುವವಳು;
ತಿಂಗಳೆಲ್ಲ ಊರವರ ಬಿಲ್ಲು ಬರೆದು
ಯೂನಿಟ್ಟು ಅಂದರೆ ಏನು ಎಂದು ಈಗ ಕೇಳಲು ಬಂದಿದ್ದಾಳೆ.

ಮೈನಸ್ ಒಂದರ ವರ್ಗಮೂಲ.
ಗಣಿತದವರು ಅದಕ್ಕೆ ಐ ಅನ್ನುತ್ತಾರೆ.
ಐ ಕರೆಂಟಿಗೆ ಮೊದಲೇ ಕೊಟ್ಟಾಗಿದೆ,
ಹಾಗಾಗಿ ನಾವು ಜೆ ಅನ್ನುತ್ತೇವೆ.
ನಾವು ಅಂದೆ, ನೋಡಿ.
ನಾಲ್ಕು ಸೆಮಿಸ್ಟರಿನ ಫೀಸಿಗೆ
ಇಲ್ಲಿಯವರೆಗೆ ಸಿಕ್ಕಿದ್ದು ಅದೊಂದು ಪದ.

ಆ ಸಂಜೆ ಅವರು ಕೇಳಿದರು:
ಮೂರು ಫೇಸಿನ ಮೋಟರನ್ನು ತಿರುಗುಮುರುಗಾಗಿಸುವುದು ಹೇಗೆ?
ನಾನು ಕೈಯೆತ್ತಲಿಲ್ಲ, ಅದೇ ಎದ್ದಿತು.
ಯಾವುದಾದರೂ ಎರಡು ತಂತಿ ಅದಲುಬದಲು ಮಾಡಿ, ಮೇಡಂ.
ಯಾಕೆ?

ಯಾಕೆ.
ಇಪ್ಪತ್ತೊಂದು ವರ್ಷ. ಪಂಪು, ಫ್ಯಾನು, ಕನ್ವೇಯರು,
ಒಂದು ರಮ್ಜಾನಿನ ನಡುರಾತ್ರಿ ಮಸೀದಿಯ ನೀರಿನ ಮೋಟರು.
ನಟ್ಟು ಸಡಿಲಿಸು, ಕೆಂಪು ನೀಲಿಯ ಜಾಗಕ್ಕೆ,
ನೀಲಿ ಕೆಂಪಿನ ಜಾಗಕ್ಕೆ, ಬಿಗಿ, ಸ್ವಿಚ್ಚು ಹಾಕು.
ಉಲ್ಟಾ ಸುತ್ತಿದ್ದು ಸೀದಾ ಸುತ್ತುತ್ತದೆ.
ಚಹಾ ಕುಡಿಯಲು ಹೋಗುತ್ತೇವೆ.
ಯಾಕೆ ಎಂದು ಫೋರ್‌ಮನ್ ಕೇಳಿದವನಲ್ಲ.
ಮೋಟರಂತೂ ಕೇಳುವುದಿಲ್ಲ.

ಬೋರ್ಡಿನ ಮೇಲೆ ಅವರು ಮೂರು ಅಲೆ ಎಳೆದರು,
ಒಂದೇ ಬಾವಿಗೆ ಒಂದರ ಹಿಂದೊಂದು ಇಳಿವ ಕೊಡದ ಹಾಗೆ:
ಒಂದು ತುಂಬಿ ಬರುವಾಗ ಒಂದು ಮುಳುಗುತ್ತಿದೆ,
ಇನ್ನೊಂದು ನಡುದಾರಿಯಲ್ಲಿದೆ.
ಯಾವ ಕ್ಷಣದಲ್ಲಿ ಕೂಡಿದರೂ ಸೊನ್ನೆ.
ತಾಮ್ರ ಅಲುಗುವುದಿಲ್ಲ, ಕಬ್ಬಿಣ ಅಲುಗುವುದಿಲ್ಲ,
ಆದರೂ ನಡುವಿನ ಟೊಳ್ಳಿನಲ್ಲಿ ಏನೋ ಸುತ್ತುತ್ತದೆ.
ಒಂದು, ಎರಡು, ಮೂರು ಎಂದು ಬರುತ್ತಿದ್ದದ್ದು
ತಂತಿ ಬದಲಾದರೆ ಒಂದು, ಮೂರು, ಎರಡು.
ಅಷ್ಟೇ.

ಅಷ್ಟೇ ಎಂದು ಅವರು ಚಿತ್ರ ಒರೆಸಿದರು.
ನಾನು ಒರೆಸಿದ ಜಾಗವನ್ನೇ ನೋಡುತ್ತಾ ಕೂತೆ.
ಇಪ್ಪತ್ತೊಂದು ವರ್ಷ
ದಿನಾ ಬೆನ್ನು ತಟ್ಟಿ ಮಾತಾಡಿಸಿದವನ
ಹೆಸರು ಈಗ ಗೊತ್ತಾದಂತೆ,
ಅದನ್ನು ಯಾರೆದುರೂ ಹೇಳಿಕೊಳ್ಳಲಾಗದಂತೆ.

ಕಾರ್ಡಿನ ಮೇಲೆ ವೃತ್ತಿ ಅರಬ್ಬಿಯಲ್ಲಿದೆ: ಎಲೆಕ್ಟ್ರಿಷಿಯನ್.
ಡಿಗ್ರಿ ಆದರೆ ಅದು ಬದಲಾಗುತ್ತದಾ?
ಕಂಪನಿಯ ಪಿಆರ್‌ಓ ನಕ್ಕ,
ಸೀಲು ಊದಿ ಒತ್ತಿದ.
ಸೆವರಿನಾಗೆ ಇದನ್ನು ಹೇಳಿಲ್ಲ.
ಅವಳ ಬಳೆಯೊಂದು ಮೂರನೇ ಕಂತಿನಲ್ಲಿದೆ.

ಭಾನುವಾರ ಪರೀಕ್ಷೆ.
ಕ್ಯಾಂಪಿನ ಕೋಣೆಯಲ್ಲಿ ಆರು ಜನ,
ದೀಪ ಹತ್ತಿಸಿದರೆ ದೂಮಣ್ಣ ನಿದ್ದೆಯಲ್ಲೇ ತುಳುವಿನಲ್ಲಿ ಬಯ್ಯುತ್ತಾನೆ.
ಅದಕ್ಕೇ ಹೊರಗಿನ ಮೆಟ್ಟಿಲು.
ಅಲ್ಲಿನ ದೀಪಕ್ಕೆ ಸೆನ್ಸರು, ಅದು ಹಾಕಿದ್ದು ನಾನೇ:
ಎರಡು ನಿಮಿಷ ಯಾರೂ ಅಲುಗದಿದ್ದರೆ
ಯಾರೂ ಇಲ್ಲ ಎಂದು ತೀರ್ಮಾನಿಸಿ ಆರುತ್ತದೆ.

ಓದುವವನು ಅಲುಗುವುದಿಲ್ಲ.
ಲೆಕ್ಕ ನಡುವಿಗೆ ಬಂದಾಗಲೇ ಕತ್ತಲು.
ಪುಸ್ತಕ ತೊಡೆಯಲ್ಲಿಟ್ಟು ತಲೆಯ ಮೇಲೆ ಕೈ ಬೀಸುತ್ತೇನೆ.
ಬೆಳಕು. ಎರಡು ನಿಮಿಷ.
ಮತ್ತೆ ಬೀಸುತ್ತೇನೆ.

ಗೇಟಿನ ಬಳಿ ಕೂತ ಕಾವಲಿನ ಮೊಫಿಜುಲ್
ಪ್ರತಿ ಸಲವೂ,
ಒಂದೂ ತಪ್ಪಿಸದೆ,
ತಾನೂ ಕೈ ಬೀಸುತ್ತಾನೆ.